ಕುಬ್ಜ ಹೋಗಿ ರೈಸ್ ಬಂದರು: ಶಾಸನಕ್ಕೆ ಹೊಂದದ ಉಲ್ಲೇಖ ಕ್ರಮ

ಕದಂಬರ ಕುರಿತ ವಿದ್ಯಾರ್ಥಿ ಪ್ರಬಂಧವೊಂದನ್ನು ಈಚೆಗೆ ಓದಿದೆ. ಮಾರ್ಜಿನ್ನು, ಸಾಲಿನ ಅಂತರ, ಅಕ್ಷರದ ಗಾತ್ರ ಎಲ್ಲವೂ ಎಪಿಎ ಕೈಪಿಡಿ ಹೇಳಿದ ಹಾಗೇ ಇದೆ. ಆದರೆ ತಾಳಗುಂದದ ಸ್ತಂಭಶಾಸನ ಬಂದಲ್ಲೆಲ್ಲ ಆವರಣದೊಳಗೆ ಬರೀ ‘ರೈಸ್, 1902’ ಅಂತಿದೆ.

ಈ ಕೈಪಿಡಿ ನಿಂತಿರುವುದು ಲೇಖಕ, ವರ್ಷ ಅನ್ನೋ ಎರಡು ಗೂಟದ ಮೇಲೆ. ಪುಸ್ತಕಕ್ಕೆ, ಪತ್ರಿಕಾ ಲೇಖನಕ್ಕೆ ಅದು ಚೆನ್ನಾಗಿಯೇ ಹೊಂದುತ್ತೆ, ಅಲ್ಲಿ ನನ್ನ ತಕರಾರಿಲ್ಲ. ಆದರೆ ತಾಳಗುಂದ ಶಾಸನದ ಕರ್ತೃ ಕವಿ ಕುಬ್ಜ, ಅವನ ಹೆಸರು ಕಲ್ಲಿನಲ್ಲೇ ಇದೆ, ಕಾಲ 5ನೇ ಶತಮಾನ. ರೈಸ್ ಅದರ ಸಂಪಾದಕರು. ಅದೇ ಶಾಸನವನ್ನು ಕೀಲ್‌ಹಾರ್ನ್ ಕೂಡ ಎಪಿಗ್ರಾಫಿಯಾ ಇಂಡಿಕಾದ 8ನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಹಾಗಾಗಿ ಯಾರ ಪಾಠ ಓದಿದಿರಿ ಅನ್ನೋದು ಮುಖ್ಯವೇ. ಆದರೆ ಸಂಪಾದಕರ ಹೆಸರೊಂದೇ ಉಳಿದು ಊರೂ ಕಾಲವೂ ಮಾಯವಾದರೆ ಓದುಗ ಕಲ್ಲನ್ನು ಎಲ್ಲಿ ಹುಡುಕಬೇಕು?

ಪುಟಸಂಖ್ಯೆ ಹಾಕಿದರೆ ಸಾಲದೇ ಅನ್ನಬಹುದು. ಸಾಲದು. ಹಳೆಯ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ, ಮೂರಕ್ಕೂ ಬೇರೆ ಬೇರೆ ಪುಟಸಂಖ್ಯೆ. ಅಲ್ಲಿ ದಾರಿ ತೋರಿಸೋದು ತಾಲ್ಲೂಕು ಮತ್ತು ಕ್ರಮಾಂಕ: ತಾಳಗುಂದ ಅಂದರೆ ಶಿಕಾರಿಪುರ 176. ‘ಸಂಪುಟ 7, ಸಂಖ್ಯೆ 176’ ಅಂತ ಬರೆದರೂ ಕೆಲಸ ಕೆಡುತ್ತೆ, ಯಾಕಂದ್ರೆ ತಾಲ್ಲೂಕು ಬದಲಾದಾಗ ಎಣಿಕೆ ಮತ್ತೆ 1ರಿಂದ ಶುರು. ಮೇಲಾಗಿ ಹಳೆಯ 7ನೇ ಸಂಪುಟ ಶಿವಮೊಗ್ಗದ್ದು. ಮೈಸೂರು ವಿಶ್ವವಿದ್ಯಾಲಯ 1972ರಿಂದ ತಂದ ಪರಿಷ್ಕೃತ ಮಾಲೆಯ 7ನೇ ಸಂಪುಟ ಮಂಡ್ಯದ್ದು. ಶ್ರವಣಬೆಳಗೊಳದ ಸಂಪುಟವಂತೂ ರೈಸ್ ಕಾಲದಲ್ಲಿ 144 ಶಾಸನ, ನರಸಿಂಹಾಚಾರ್ಯರಲ್ಲಿ 500, 1973ರಲ್ಲಿ 573. ಬರೀ ‘ಶ್ರ.ಬೆ. 140’ ಅಂದರೆ ಯಾವುದು? ರಿವಿಷನ್ ನಂಬರ್ ಇಲ್ಲದ ಡ್ರಾಯಿಂಗ್ ಕೊಟ್ಟರೆ ನಮ್ಮ ಸೈಟಿನಲ್ಲಿ ಮೇಸ್ತ್ರಿ ಕೂಡ ವಾಪಸ್ ಕಳಿಸ್ತಾನೆ.

ಇದಕ್ಕಿಂತ ಅಪಾಯದ್ದು ಚೌಕ ಆವರಣ. ಎಪಿಎ, ಎಂಎಲ್‌ಎ (ಶಾಸಕರಲ್ಲ, ಕೈಪಿಡಿ) ಎರಡರಲ್ಲೂ ಉದ್ಧರಣೆಯೊಳಗಿನ ಚೌಕ ಆವರಣ ಅಂದರೆ ‘ಇದು ನನ್ನ ಸೇರ್ಪಡೆ’. ಶಾಸನಪಾಠದಲ್ಲಿ ಅದು ಸಾಮಾನ್ಯವಾಗಿ ಸವೆದ ಅಕ್ಷರವನ್ನು ಸಂಪಾದಕರು ಹೀಗೆ ಓದಿದ್ದಾರೆ ಅನ್ನೋ ಸೂಚನೆ. ಈ ಪ್ರಬಂಧದಲ್ಲಿ ‘ಅಚ್ಚುಕಟ್ಟಿಗಾಗಿ’ ಆವರಣಗಳನ್ನೆಲ್ಲ ಕಿತ್ತುಹಾಕಿದ್ದಾರೆ. ಹಾಗಾಗಿ ಊಹೆಯ ಅಕ್ಷರವೂ ಕಂಡ ಅಕ್ಷರವೂ ಒಂದೇ ಆಗಿ, ಅರ್ಧ ಸವೆದ ಒಂದು ಪದದ ಮೇಲೆ ಇಡೀ ಪ್ಯಾರಾ ವಾದ ನಿಂತಿದೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅಂಕ ಹೋಗುತ್ತೆ ಅನ್ನೋ ಭಯ ಅವರಿಗೆ. ಕೈಪಿಡಿಯನ್ನು ಶಾಸನಕ್ಕೂ ಹಾಗೇ ಹೊದಿಸಿದ ಮಾರ್ಗದರ್ಶಕರೇ ಇದಕ್ಕೆ ಉತ್ತರ ಹೇಳಬೇಕು.

ಎಪಿಎ ಬೇಕೇ ಬೇಕು ಅಂದರೆ ಗ್ರಂಥಗಳಿಗೆ ಇರಲಿ. ಶಾಸನಕ್ಕೆ ಮಾತ್ರ ಹೀಗೆ ಬರೆಯಲಿ: ‘ತಾಳಗುಂದ, ಎ.ಕ. 7 (ಹಳೆಯದು), ಶಿಕಾರಿಪುರ 176’, ಜೊತೆಗೆ ಸಾಲಿನ ಸಂಖ್ಯೆ. ಒಂದೇ ಸಾಲು ಹಿಡಿಸುತ್ತೆ.