ಅಮ್ಮನ ಸ್ವೆಟರು, ಅವೆನ್ಯೂ ರಸ್ತೆಯ ಯುದ್ಧಗಳು

ನಮ್ಮ ಮನೆಗೆ ಮೊದಲ ಸಲ ಬಂದವರು ನಡುಮನೆಯ ಬೀರುವಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಗಾಜಿನ ಬಾಗಿಲ ಹಿಂದೆ ರಟ್ಟು ಕಿತ್ತ, ಅಂಟುಪಟ್ಟಿ ಹಚ್ಚಿದ ಹಳೆಯ ಇಂಗ್ಲಿಷ್ ಪುಸ್ತಕಗಳ ಸಾಲು. ಹೆಸರುಗಳನ್ನು ಓದುತ್ತಾ ಹೋದರೆ ಬರೀ ಯುದ್ಧ, ಸೇನೆ, ಗಡಿ, ರಾಯಭಾರ. ಓದಿ ಮುಗಿಸಿ, ಕಾಫಿ ಲೋಟ ಹಿಡಿದು ನಿಂತ ನನ್ನ ಕಡೆ ತಿರುಗಿ, "ಯಜಮಾನರು ಮಿಲಿಟರಿಯಲ್ಲಿದ್ದರೇ?" ಎನ್ನುತ್ತಾರೆ. ನಮ್ಮ ಯಜಮಾನರು ಜೀವಮಾನವಿಡೀ ಲೆಕ್ಕಪತ್ರ ಬರೆದವರು. ಮನೆಗೆ ಬಂದ ಜಿರಲೆಯನ್ನೂ ಹೊಡೆದವರಲ್ಲ. "ಅವೆಲ್ಲ ಅವಳ ಯುದ್ಧಗಳು, ನನ್ನನ್ನು ಕೇಳಬೇಡಿ" ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಾರೆ. ಬಂದವರು ನನ್ನ ಸೀರೆ, ಕುಂಕುಮ, ಕನ್ನಡಕವನ್ನೆಲ್ಲ ಇನ್ನೊಮ್ಮೆ ನೋಡುತ್ತಾರೆ.

ಇದು ಶುರುವಾದದ್ದು ಒಂದು ಸ್ವೆಟರಿನಿಂದ.

1962ರಲ್ಲಿ ಅಮ್ಮನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚೀನಾದವರು ಗಡಿ ದಾಟಿ ಬಂದರೆಂದು ರೇಡಿಯೋ ಹೇಳಿತು. ಅಕ್ಟೋಬರ್ 26ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ರಾಷ್ಟ್ರೀಯ ರಕ್ಷಣಾ ನಿಧಿಗೆ ಹಣ, ಚಿನ್ನ ಕೊಡಿ ಎಂಬ ಕರೆ ಬಂತು. ಹೆಂಗಸರು ಬಳೆ, ಸರ, ಓಲೆಗಳನ್ನು ಬಿಚ್ಚಿ ಕೊಟ್ಟರು. ಅಮ್ಮನಿಗೆ ತವರಿನಲ್ಲಿ ಹಾಕಿದ್ದದ್ದು ಎರಡೇ ಚಿನ್ನದ ಬಳೆ. ಒಂದನ್ನು ಕೊಟ್ಟಳು. ಅಜ್ಜಿ ಒಂದು ವಾರ ಮಾತು ಬಿಟ್ಟರಂತೆ. ಊರಿನ ಮಹಿಳಾ ಸಮಾಜದಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಕೂತು ಜವಾನರಿಗೆಂದು ಸ್ವೆಟರು ಹೆಣೆದರು. ಅಮ್ಮ ಎರಡು ಹೆಣೆದಳು. ಕೊನೆಯವರೆಗೂ ಅವಳ ಬಲಗೈಯಲ್ಲಿ ಗಾಜಿನ ಬಳೆಗಳ ನಡುವೆ ಒಂದೇ ಒಂದು ಚಿನ್ನದ ಬಳೆ ಇರುತ್ತಿತ್ತು. ಚಳಿಗಾಲದಲ್ಲಿ ನಮಗೆ ಹೆಣೆಯಲು ಕೂತಾಗಲೆಲ್ಲ ಒಂದು ಮಾತು: "ಆ ಸ್ವೆಟರು ಯಾರಿಗಾದರೂ ತಲುಪಿತೋ ಇಲ್ಲವೋ!"

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1994ರಲ್ಲಿ, ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಹೋಗಿದ್ದೆ. ಸಂಜೆ ಗೆಳತಿಯರು ಚಿಕ್ಕಪೇಟೆಗೆ ಸೀರೆ ನೋಡಲು ಹೊರಟರು. ನಾನು ಪಕ್ಕದ ಅವೆನ್ಯೂ ರಸ್ತೆಯಲ್ಲೇ ಉಳಿದೆ. ಗೈಡುಗಳು, ಹಳೆಯ ಪಠ್ಯಗಳು, ಅವುಗಳ ಅಡಿಯಲ್ಲಿ ಒಂದು ದಪ್ಪ ಪುಸ್ತಕ: ಬ್ರಿಗೇಡಿಯರ್ ಜೆ. ಪಿ. ದಳವಿಯವರ 'ಹಿಮಾಲಯನ್ ಬ್ಲಂಡರ್'. ತೆರೆದು ನೋಡಿದರೆ 1962. ಅಂಗಡಿಯವನು, "ಅಕ್ಕಾ, ಅಡುಗೆ ಪುಸ್ತಕ ಆ ಕಡೆ ಇದೆ" ಎಂದ. "ಇದೇ ಬೇಕಪ್ಪ" ಎಂದೆ. ಇಪ್ಪತ್ತೈದು ರೂಪಾಯಿ. ಸೀರೆಗೆಂದು ಇಟ್ಟುಕೊಂಡಿದ್ದ ದುಡ್ಡು ಮುರಿದದ್ದು ಹೀಗೆ, ಮೊದಲ ಸಲ.

ದಳವಿಯವರು ಏಳನೆಯ ಬ್ರಿಗೇಡಿನ ಕಮಾಂಡರ್ ಆಗಿದ್ದವರು. ಅವರ ಸೈನಿಕರನ್ನು ನಿಲ್ಲಿಸಿದ್ದು ಆಗ ನೇಫಾ ಎನ್ನುತ್ತಿದ್ದ, ಇಂದಿನ ಅರುಣಾಚಲದ ತವಾಂಗ್ ಆಚೆಗಿನ ನಾಮ್ಕಾ ಚು ಎಂಬ ಹೊಳೆಯ ದಂಡೆಯಲ್ಲಿ. ಹತ್ತು ಸಾವಿರ ಅಡಿಗೂ ಎತ್ತರದ ಜಾಗ. ಎದುರಿನ ಥಾಗ್ಲಾ ಏಣಿನ ಮೇಲೆ ಚೀನೀಯರು. ಕೆಳಗಿನ ಇಕ್ಕಟ್ಟಿನ ಕಣಿವೆಯಲ್ಲಿ ನಮ್ಮವರು. 1962ರ ಅಕ್ಟೋಬರ್ 20ರ ಬೆಳಗಿನ ಜಾವ ದಾಳಿಯಾಯಿತು. ಕೆಲವೇ ಗಂಟೆಗಳಲ್ಲಿ ಬ್ರಿಗೇಡು ಚೂರುಚೂರಾಯಿತು. ಎರಡು ದಿನಗಳ ನಂತರ ದಳವಿಯವರೇ ಸೆರೆ ಸಿಕ್ಕರು. ಬಿಡುಗಡೆಯಾದದ್ದು 1963ರ ಮೇ ತಿಂಗಳಲ್ಲಿ. ಪುಸ್ತಕ ಹೊರಬಂದದ್ದು 1969ರಲ್ಲಿ.

ಈ ಪುಸ್ತಕವನ್ನು ಸಿಟ್ಟಿನ ಪುಸ್ತಕ ಎನ್ನುತ್ತಾರೆ. ಸಿಟ್ಟು ಇದೆ, ನಿಜ. ಆದರೆ ನನ್ನನ್ನು ಹಿಡಿದದ್ದು ಅದರ ಲೆಕ್ಕ. ಸೈನಿಕರ ಮೈಮೇಲೆ ಇದ್ದದ್ದು ಹತ್ತಿಯ ಸಮವಸ್ತ್ರ. ಹೊದೆಯಲು ತೆಳ್ಳಗಿನ ಕಂಬಳಿ. ಒಬ್ಬೊಬ್ಬರ ಬಳಿ ಐವತ್ತು ಗುಂಡು. ವಿಮಾನದಿಂದ ಎಸೆದ ಸಾಮಾನಿನ ಬಹುಪಾಲು ಬೆಟ್ಟದ ಪಾತಾಳಕ್ಕೆ ಉರುಳಿ ಕೈಗೆ ಸಿಗದೆ ಹೋಯಿತು. ಗೃಹಿಣಿಯಾದವಳಿಗೆ ಈ ಭಾಷೆ ತಟ್ಟನೆ ಅರ್ಥವಾಗುತ್ತದೆ. ಮನೆಗೆ ಹತ್ತು ಜನ ನೆಂಟರು ಬರುತ್ತಾರೆಂದರೆ ನಾವು ಮೊದಲು ಎಣಿಸುವುದು ಹಾಸಿಗೆ, ಹೊದಿಕೆ, ಅಕ್ಕಿ. ಅದನ್ನು ಎಣಿಸದೆ "ಬನ್ನಿ ಬನ್ನಿ" ಎಂದವರನ್ನು ನಮ್ಮ ಕಡೆ ಏನೆನ್ನುತ್ತಾರೆಂದು ನಿಮಗೆ ಗೊತ್ತು.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಬಸಳೆ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಅಕ್ಟೋಬರ್ 20 ಎಂದಾಗ ಕೈ ನಿಂತಿತು. "ನಾವು ಉಲ್ಲನ್ ತಂದದ್ದು ದೀಪಾವಳಿ ಕಳೆದ ಮೇಲೆ ಕಣೇ" ಎಂದಳು. ಆ ವರ್ಷ ದೀಪಾವಳಿ ಅಕ್ಟೋಬರ್ ಕೊನೆಯ ವಾರದಲ್ಲಿ ಬಂದಿತ್ತು. ಅಂದರೆ ಅಮ್ಮ ಮೊದಲ ಹೊಲಿಗೆ ಹಾಕುವ ಹೊತ್ತಿಗೆ ನಾಮ್ಕಾ ಚು ದಂಡೆಯಲ್ಲಿ ಅದನ್ನು ತೊಡಬೇಕಾಗಿದ್ದ ಮೈಗಳೇ ಉಳಿದಿರಲಿಲ್ಲ. ಯುದ್ಧ ಅಲ್ಲಿಗೆ ಮುಗಿಯಲಿಲ್ಲ. ನವೆಂಬರ್ ನಡುವಿನಲ್ಲಿ ವಾಲಾಂಗ್, ಸೇಲಾ, ಬೊಮ್ದಿಲಾಗಳಲ್ಲಿ ಮತ್ತೆ ಹೊತ್ತಿಕೊಂಡಿತು. ಲಡಾಖಿನ ರೆಜಾಂಗ್ಲಾದಲ್ಲಿ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗರ ತುಕಡಿ ಬಹುತೇಕ ಕೊನೆಯ ಮನುಷ್ಯನವರೆಗೆ ಹೋರಾಡಿತು. 21ರಂದು ಚೀನಾ ತಾನಾಗಿ ಕದನವಿರಾಮ ಸಾರಿತು. ಅಲ್ಲಿ ಎಲ್ಲಾದರೂ ಒಬ್ಬನಿಗೆ ಸಿಕ್ಕಿರಬಹುದು ಎಂದು ಸಮಾಧಾನ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಚಳಿ ಆಗುತ್ತೆ ಅಂತ ಮೊದಲೇ ಯಾರಿಗೂ ಹೊಳೆಯಲಿಲ್ವೇನೇ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನನ್ನ ಬೀರು ತುಂಬಿತು. ಪ್ರತಿ ವರ್ಷ ಮೌಲ್ಯಮಾಪನ, ಪ್ರತಿ ವರ್ಷ ಅವೆನ್ಯೂ ರಸ್ತೆ. ಜನರಲ್ ಬಿ. ಎಂ. ಕೌಲರ 'ದಿ ಅನ್‌ಟೋಲ್ಡ್ ಸ್ಟೋರಿ' ಸಿಕ್ಕಿತು. ಗುಪ್ತಚರ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎನ್. ಮಲ್ಲಿಕರ 'ದಿ ಚೈನೀಸ್ ಬಿಟ್ರೇಯಲ್', ದೆಹಲಿಯಲ್ಲಿ ಲಂಡನ್ 'ಟೈಮ್ಸ್' ಪತ್ರಿಕೆಯ ವರದಿಗಾರರಾಗಿದ್ದ ನೆವಿಲ್ ಮ್ಯಾಕ್ಸ್‌ವೆಲ್ಲರ 'ಇಂಡಿಯಾಸ್ ಚೈನಾ ವಾರ್', ಕಾರ್ಯಾಚರಣೆ ವಿಭಾಗದ ನಿರ್ದೇಶಕರಾಗಿದ್ದ ಡಿ. ಕೆ. ಪಾಲಿತರ 'ವಾರ್ ಇನ್ ಹೈ ಹಿಮಾಲಯ' ಒಂದೊಂದಾಗಿ ಬಂದು ಸೇರಿದವು. ಒಂದೊಂದನ್ನೇ ಓದಿದರೆ ಒಬ್ಬೊಬ್ಬರೂ ಸರಿ ಎನಿಸುತ್ತಾರೆ. ಒಟ್ಟಿಗೆ ಓದಿದಾಗಲೇ ಮಜಾ.

ನಮ್ಮ ಶಾಲೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಕೆಟ್ಟ ವರ್ಷ ಸಿಬ್ಬಂದಿ ಕೋಣೆಯಲ್ಲಿ ಕೂತು ನೋಡಿದ್ದೀರಾ? ಗಣಿತದವರು ಪ್ರಾಥಮಿಕ ಶಾಲೆಯನ್ನು ಬಯ್ಯುತ್ತಾರೆ, ಇಂಗ್ಲಿಷಿನವರು ಮನೆಯವರನ್ನು, ಮುಖ್ಯೋಪಾಧ್ಯಾಯರು ಇಲಾಖೆಯನ್ನು. "ನಾನು ಆಗಲೇ ಹೇಳಿದ್ದೆ, ಯಾರೂ ಕೇಳಲಿಲ್ಲ" ಎಂಬುದು ಎಲ್ಲರ ಬಾಯಲ್ಲೂ ಒಂದೇ ವಾಕ್ಯ. ಈ ಪುಸ್ತಕಗಳೂ ಹಾಗೆಯೇ. ನಾವು ಎಲ್ಲ ಮಾಹಿತಿ ಕೊಟ್ಟಿದ್ದೆವು ಎನ್ನುತ್ತಾರೆ ಮಲ್ಲಿಕರು. ನನಗೆ ಬೇಕಾದದ್ದು ಯಾವುದೂ ಸಿಗಲಿಲ್ಲ ಎನ್ನುತ್ತಾರೆ ಕೌಲರು. ಅವರ ಪುಸ್ತಕ 1967ರದು, ಮಿಕ್ಕವರಿಗಿಂತ ಮೊದಲು. ಪುಟಪುಟಕ್ಕೂ 'ನಾನು'. ಅಕ್ಟೋಬರ್ ಮೊದಲ ವಾರ ಆ ಕಣಿವೆಯ ಹೊಣೆ ಹೊತ್ತ ಹೊಸ ಸೇನಾವಿಭಾಗದ ಮುಖ್ಯಸ್ಥರಾದರು; ಎತ್ತರದ ಗಾಳಿಗೆ ಕಾಯಿಲೆ ಬಿದ್ದು 18ರಂದು ದೆಹಲಿಗೆ ಮರಳಿದರು. ದಾಳಿ 20ರಂದು. ಕಾಯಿಲೆ ಬೀಳುವುದು ತಪ್ಪಲ್ಲ. ಆದರೆ ಇಂಥ ಪುಸ್ತಕದಲ್ಲಿ ಓದುಗಳು ಕಾಯುವ ವಾಕ್ಯ ಒಂದಿದೆ: 'ಇಲ್ಲಿ ನಾನು ತಪ್ಪಿದೆ' ಎಂಬುದು. ಆ ವಾಕ್ಯಕ್ಕಾಗಿ ನಾನು ಬಹಳ ಹೊತ್ತು ಕಾದೆ.

ಮ್ಯಾಕ್ಸ್‌ವೆಲ್ಲರದು ಬೇರೆ ದಾರಿ. 1970ರ ಆ ಪುಸ್ತಕದ ಗದ್ಯ ತಣ್ಣಗೆ, ಕೊಯ್ದಿಟ್ಟ ಹಾಗೆ ಇದೆ. ತಪ್ಪು ದೆಹಲಿಯದೇ ಎನ್ನುವುದು ಅವರ ವಾದ. ನನಗೆ ಸಿಕ್ಕ ಪ್ರತಿಯ ಹಿಂದಿನ ಒಡೆಯರು ಅಂಚಿನುದ್ದಕ್ಕೂ ಕೆಂಪು ಪೆನ್ಸಿಲ್ಲಿನಲ್ಲಿ ಜಗಳವಾಡಿದ್ದಾರೆ. ಒಂದು ಕಡೆ 'ಸುಳ್ಳು' ಎಂದು ಬರೆದು, ಹತ್ತು ಪುಟದ ಆಚೆ 'ಇರಬಹುದು' ಎಂದಿದ್ದಾರೆ. ಹಳೆಯ ಪುಸ್ತಕ ಕೊಳ್ಳುವುದರ ಲಾಭವೇ ಇದು. ಒಬ್ಬಂಟಿಯಾಗಿ ಓದುವುದು ತಪ್ಪುತ್ತದೆ. ನಾನೂ ಆ ಅಪರಿಚಿತರ ಹಾಗೆಯೇ ಅರ್ಧ ಒಪ್ಪಿ ಅರ್ಧ ಬಿಟ್ಟೆ. ದೆಹಲಿಯ ಕಾಗದಪತ್ರಗಳನ್ನು ಇಷ್ಟು ಕೆದಕಿದವರಿಗೆ ಪೀಕಿಂಗಿನ ಕಪಾಟುಗಳು ತೆರೆದಿರಲಿಲ್ಲ. ಒಂದು ಮನೆಯ ಅಡುಗೆಕೋಣೆಯನ್ನಷ್ಟೇ ನೋಡಿ ಎರಡು ಮನೆಯ ಜಗಳದ ತೀರ್ಪು ಹೇಳಿದಂತೆ ಅಲ್ಲಲ್ಲಿ ಅನ್ನಿಸುತ್ತದೆ. ಸೋಲಿನ ವಿಚಾರಣೆ ನಡೆಸಿದ ಹೆಂಡರ್‌ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿಯನ್ನು ನೋಡಿ ಬರೆದವರು ಅವರು. 1963ರಲ್ಲಿ ಸಲ್ಲಿಕೆಯಾದ ಆ ವರದಿಯನ್ನು ಸರ್ಕಾರ ಇಂದಿಗೂ ಹೊರಗೆ ಬಿಟ್ಟಿಲ್ಲ. 2014ರಲ್ಲಿ ಅದರ ಒಂದು ಭಾಗವನ್ನು ಮ್ಯಾಕ್ಸ್‌ವೆಲ್ಲರೇ ಬಯಲು ಮಾಡಿದರು. ಬಳೆ ಕೊಟ್ಟವರಿಗೆ ಲೆಕ್ಕ ಕೊಡುವ ಕಾಗದ ಅದು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಕಾಗದ ಇನ್ನೂ ಬೀಗದೊಳಗೇ ಇದೆ.

ಪಾಲಿತರ ಪುಸ್ತಕ 1991ರದು. ಸುಮಾರು ಮೂವತ್ತು ವರ್ಷ ಕಳೆದು ಬರೆದದ್ದರಿಂದ ದನಿ ತಗ್ಗಿದೆ. ಕೊಠಡಿಯಲ್ಲಿ ಕೂತು ನಕಾಶೆಯ ಮೇಲೆ ಗೆರೆ ಎಳೆಯುವವರಿಗೂ ಆ ಗೆರೆಯ ಮೇಲೆ ನಿಂತವರಿಗೂ ನಡುವೆ ಎಷ್ಟು ದೂರ ಎನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಇವುಗಳ ಜೊತೆ ಒಂದು ಸಣ್ಣ ವಿಶೇಷವೂ ನನ್ನ ಬಳಿ ಇದೆ. ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರ ಬಗ್ಗೆ ಹಂಫ್ರಿ ಇವಾನ್ಸ್ ಬರೆದ 'ತಿಮ್ಮಯ್ಯ ಆಫ್ ಇಂಡಿಯಾ'. ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಂದಿಗೆ ಹೊಂದದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸು ಪಡೆದವರು. ಪುಸ್ತಕ ಅಚ್ಚಾದದ್ದು 1960ರಲ್ಲಿ. ಬೀರುವಿನಲ್ಲಿರುವ ಎಲ್ಲ ಪುಸ್ತಕಗಳಿಗೂ ಮುಂದೇನಾಯಿತು ಎನ್ನುವುದು ಗೊತ್ತು, ಇದೊಂದಕ್ಕೆ ಗೊತ್ತಿಲ್ಲ. ಅದಕ್ಕೇ ಅದರ ಪುಟಗಳಲ್ಲಿ ಇನ್ನೂ ಬೆಳಕಿದೆ. ಮಿಕ್ಕವನ್ನು ಓದಿ ಸಾಕಾದಾಗ ಅದನ್ನು ತೆಗೆಯುತ್ತೇನೆ, ಮದುವೆಗೆ ಮುಂಚಿನ ಫೋಟೋ ನೋಡಿದ ಹಾಗೆ.

ಹಾಗಾದರೆ ಇವುಗಳಲ್ಲಿ ಯಾವುದು ದೊಡ್ಡದು? ನನ್ನ ಮಟ್ಟಿಗೆ ದಳವಿಯವರದೇ. ಅದರಲ್ಲಿ ದೋಷಗಳಿಲ್ಲವೆಂದಲ್ಲ. ವಿದೇಶಾಂಗ ನೀತಿಯ ಮೇಲಿನ ಭಾಗ ಉದ್ದವಾಯಿತು; ನಡೆದು ಹೋದ ಮೇಲೆ ಬರುವ ಬುದ್ಧಿಯನ್ನು ನಡೆಯುವ ಮೊದಲೇ ಇತ್ತೆಂಬಂತೆ ಹೇಳುವ ಚಟವೂ ಉಂಟು. ಆದರೆ 'ಎಷ್ಟು ಜನಕ್ಕೆ ಎಷ್ಟು ಕಂಬಳಿ' ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಪುಸ್ತಕ ಅದು. ಯುದ್ಧದ ಯಾವುದೇ ಪುಸ್ತಕವನ್ನು ನಾನೀಗ ಈ ಒರೆಗಲ್ಲಿಗೇ ತಿಕ್ಕಿ ನೋಡುತ್ತೇನೆ. ಕಂಬಳಿಯ ಲೆಕ್ಕ ಗೊತ್ತಿಲ್ಲದವರು ಶೌರ್ಯದ ಬಗ್ಗೆ ಬರೆದರೆ ನನಗೆ ಅನುಮಾನ. ಇಂಗ್ಲಿಷ್ ಬೇಡವೆನ್ನುವವರಿಗೆ ರವಿ ಬೆಳಗೆರೆಯವರ ಕನ್ನಡ ಅನುವಾದ ಇದೆ. ಅದೂ ಹಳೆಯ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ.

ಒಂದು ಕೊರತೆ ಮಾತ್ರ ದಳವಿಯವರಲ್ಲೂ ಇದೆ. ಕಂಬಳಿ ಇಲ್ಲವೆಂದು ಬರೆದವರು ಕಂಬಳಿ ಕೊಟ್ಟವರನ್ನು ನೆನೆಯಲಿಲ್ಲ. ಉಲ್ಲನ್ ಉಂಡೆ ಹಿಡಿದು ಕೂತ ಆ ಮಧ್ಯಾಹ್ನಗಳಿಗೆ ಈ ಐದು ಪುಸ್ತಕಗಳಲ್ಲಿ ಒಂದು ಅಧ್ಯಾಯವೂ ಇಲ್ಲ. ಅಂಥದನ್ನು ನಾನು ಕಂಡದ್ದು ಬೇರೊಂದು ದೇಶದ ಪುಸ್ತಕದಲ್ಲಿ. ಬೆಲಾರೂಸಿನ ಸ್ವೆತ್ಲಾನಾ ಅಲೆಕ್ಸೀವಿಚ್, ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದಲ್ಲಿದ್ದ ಹೆಂಗಸರನ್ನು ಮಾತಾಡಿಸಿ ಬರೆದ, 1985ರಲ್ಲಿ ಬಂದ ಪುಸ್ತಕ. ಅವರಿಗೆ 2015ರಲ್ಲಿ ನೊಬೆಲ್ ಬಂತು. ಅದರಲ್ಲಿ ಸೇನಾಪತಿಗಳ ನಕಾಶೆಯಿಲ್ಲ. ಅಳತೆಗೆ ದೊಡ್ಡದಾದ ಬೂಟು, ಕತ್ತರಿಸಿದ ಜಡೆ, ಮನೆಗೆ ಮರಳಿದ ಮೇಲೆ ಊರಿನವರು ನೋಡಿದ ನೋಟ, ಇವೇ. ನಮ್ಮ 1962ಕ್ಕೆ ಅಂಥ ಕೇಳುವ ಕಿವಿಯೊಬ್ಬಳು ಸಿಗಲಿಲ್ಲವಲ್ಲ ಎಂದು ಅಸೂಯೆಯಾಯಿತು.

ಎರಡು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ನಿಂತಳು. ಅವಳ ಅಣ್ಣ ಆಗಷ್ಟೇ ಸೈನ್ಯಕ್ಕೆ ಸೇರಿ ಲಡಾಖಿಗೆ ಹೋಗಿದ್ದ. "ಮಿಸ್, ಆವಾಗ ನಾವು ಸೋತಿದ್ದು ಯಾಕೆ?" ಐದು ಪುಸ್ತಕಗಳ ಐದು ಉತ್ತರ ತಲೆಯೊಳಗೆ ಸುಳಿದವು. ಒಂದೂ ಹೇಳಲಿಲ್ಲ. "ನಿಮ್ಮ ಅಣ್ಣನಿಗೆ ಒಳ್ಳೆ ಬೂಟು, ಬೆಚ್ಚಗಿನ ಕೋಟು ಕೊಟ್ಟಿದ್ದಾರಾ ಕೇಳು" ಎಂದೆ. ಮರುವಾರ ಬಂದು, "ಕೊಟ್ಟಿದ್ದಾರಂತೆ ಮಿಸ್, ಮೂರು ಪದರದ್ದು" ಎಂದಳು. ಆಮೇಲೆ ಅವಳನ್ನು ಕೂರಿಸಿಕೊಂಡು ನಾಮ್ಕಾ ಚು ಕಥೆ ಹೇಳಿದೆ. ಸೋಲನ್ನು ಕೇಳಿ ಅವಳ ಮುಖ ಸಪ್ಪಗಾಗಬಹುದೆಂದಿದ್ದೆ. ಹಾಗಾಗಲಿಲ್ಲ. ನೋಟ್ ಪುಸ್ತಕದಲ್ಲಿ 'ಐವತ್ತು ಗುಂಡು' ಎಂದು ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದಳು.

ನನಗೆ ನಿವೃತ್ತಿ ಹತ್ತಿರವಾಯಿತು. ಬೀರು ಖಾಲಿ ಮಾಡಿ ಮೊಮ್ಮಗುವಿನ ಬಟ್ಟೆಗೆ ಜಾಗ ಮಾಡಬೇಕೆಂದು ಸೊಸೆಯ ಆಸೆ, ಅವಳದೂ ತಪ್ಪಲ್ಲ. ನನ್ನ ನಂತರ ಇವೆಲ್ಲ ಗುಜರಿಯವನ ತಕ್ಕಡಿ ಹತ್ತಿ, ಅಲ್ಲಿಂದ ಮತ್ತೆ ಅವೆನ್ಯೂ ರಸ್ತೆಗೇ ಹೋಗಬಹುದು. ಅದಕ್ಕೆ ಮೊನ್ನೆ ಒಂದು ಕೆಲಸ ಮಾಡಿದೆ. ದಳವಿಯವರ ಪುಸ್ತಕದ ಒಳರಟ್ಟಿನಲ್ಲಿ, ಇಪ್ಪತ್ತೈದು ರೂಪಾಯಿ ಎಂದು ಅಂಗಡಿಯವನು ಗೀಚಿದ್ದ ಜಾಗದ ಕೆಳಗೆ, ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ: 'ನಮ್ಮಮ್ಮ ಕೊಟ್ಟದ್ದು: ಸ್ವೆಟರು ಎರಡು, ಚಿನ್ನದ ಬಳೆ ಒಂದು. 1962.'

ಮುಂದೆ ಕೊಳ್ಳುವವರು ಓದಿಕೊಳ್ಳಲಿ.