ಕಲ್ಲಿನ ಕಂಬ, ಬೀಸುಕಲ್ಲಿನ ಪದ

ಜನವರಿ 1 ಬಂತೆಂದರೆ ಈಗ ನಮ್ಮ ಕಡೆಯ ಊರುಗಳಲ್ಲೂ ಕೋರೆಗಾಂವ್ ವಿಜಯೋತ್ಸವ. ಥರ್ಮೋಕೋಲಿನಲ್ಲೋ ಪ್ಲೈವುಡ್ಡಿನಲ್ಲೋ ಮಾಡಿದ ವಿಜಯಸ್ತಂಭ, ಅದರ ಮುಂದೆ ಮೈಕು, ಮೈಕಿನ ಮುಂದೆ ಒಬ್ಬರಾದ ಮೇಲೊಬ್ಬರು ಗಂಡಸರು. ಅಂಥದೊಂದು ಸಭೆಯಲ್ಲಿ ಪದ ಹಾಡಿ ಬಂದು ನನ್ನ ಪಕ್ಕ ಕೂತ ಮುದುಕಿಯೊಬ್ಬಳು ಕೇಳಿದಳು: 'ಅಕ್ಕೋರ, ಆ ಕಂಬದಾಗ ಯಾವ ಹೆಣ್ಮಗಳ ಹೆಸರೈತಿ, ಓದಿ ಹೇಳ್ರಿ.' ನಾನು ಸುಮ್ಮನಾದೆ. ದಲಿತ ವಿಮರ್ಶೆ ಸುಮ್ಮನಾಗುವಂತಿಲ್ಲ.

ಸ್ಮಾರಕ ತಾನಾಗಿ ಮಾತಾಡುವುದಿಲ್ಲ, ಯಾರು ಓದುತ್ತಾರೆ ಎಂಬುದರಿಂದ ಅದಕ್ಕೆ ಅರ್ಥ. 1818ರ ಕದನದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಕಂಬ ನಿಲ್ಲಿಸಿದ್ದು ತನ್ನ ಸೈನ್ಯದ ಹೆಮ್ಮೆಗಾಗಿ. ಅದರ ಮೇಲೆ 'ನಾಕ' ಎಂದು ಕೊನೆಯಾಗುವ 22 ಮಹಾರ್ ಸೈನಿಕರ ಹೆಸರುಗಳಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿ ಹೋಗಿ ನಿಂತಾಗ ಕಂಪನಿಯ ಕಂಬ ನಮ್ಮ ಕಂಬವಾಯಿತು. ಅದು ದೊಡ್ಡ ಓದು. ಆ ಓದನ್ನು ನಾವು ಮುಂದುವರಿಸಿದ್ದೇವೆಯೇ, ಬರೀ ಕಂಬವನ್ನು ನಕಲು ಮಾಡಿದ್ದೇವೆಯೇ ಎಂಬುದು ನನ್ನ ತಕರಾರು.

ಮುಂದುವರಿಸಿದವರು ಹೆಂಗಸರು. ಅಂಬೇಡ್ಕರ್ ಚಳವಳಿಯ ಮಹಿಳೆಯರನ್ನು ಹುಡುಕಿಕೊಂಡು ಹೋಗಿ, ಅವರ ಬಾಯಿಂದಲೇ ಕೇಳಿ, ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ 1989ರಲ್ಲಿ ಮರಾಠಿಯಲ್ಲಿ ಪುಸ್ತಕ ತಂದರು. 'ನಾವೂ ಚರಿತ್ರೆ ಕಟ್ಟಿದೆವು' ಎಂದು ಅದರ ಹೆಸರಿನ ಅರ್ಥ. ಆ 'ನಾವೂ' ಎಂಬಲ್ಲಿನ 'ಊ'ಕಾರದಲ್ಲೇ ಇಡೀ ಜಗಳವಿದೆ. 1942ರ ಜುಲೈಯಲ್ಲಿ ನಾಗಪುರದ ದಲಿತ ಮಹಿಳಾ ಪರಿಷತ್ತಿಗೆ ಸುಮಾರು 25,000 ಹೆಂಗಸರು ಬಂದಿದ್ದರು. ಅದರ ಅಧ್ಯಕ್ಷತೆ ವಹಿಸಿದ್ದ ಸುಲೋಚನಾಬಾಯಿ ಡೋಂಗರೆಯವರ ಹೆಸರು ನಮ್ಮ ಭಾಷಣಗಳಲ್ಲಿ ಎಷ್ಟು ಸಲ ಬಂದಿದೆ?

ಇನ್ನು ಓದಲು ಬಾರದವರ ಸ್ಮಾರಕ ಯಾವುದು? ಹೇಮಾ ರಾಯಿರಕರ್ ಮತ್ತು ಗೀ ಪೊಯಿತ್ವಾ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಬೀಸುವ ಪದಗಳನ್ನು ಸಂಗ್ರಹಿಸಿದರು. ಬೀಡ ಜಿಲ್ಲೆಯ ಮಾಜಲಗಾಂವದ ಭೀಮನಗರದಲ್ಲಿ 1996ರಲ್ಲಿ ಧ್ವನಿಮುದ್ರಿಸಿದ ಪದಗಳೂ ಅದರಲ್ಲಿವೆ. ಇಂಥ ಪದಗಳಲ್ಲಿ ಭೀಮರಾಯ ಹಾಡುವವರ ಅಣ್ಣ. ಇದನ್ನು ಭಕ್ತಿಯೆಂದು ಪಕ್ಕಕ್ಕೆ ಸರಿಸುವ ವಿಮರ್ಶಕರು ನಮ್ಮಲ್ಲಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೇವರ ಮುಂದೆ ಕೈಮುಗಿಯಬೇಕು. ಅಣ್ಣನ ಮುಂದೆ ತಂಗಿ ಹಕ್ಕಿನಿಂದ ಕೇಳಬಹುದು, ಸಿಟ್ಟಾಗಬಹುದು. ಕಲ್ಲಿನಲ್ಲಿ ಕೊರೆದ ಹೆಸರಿಗೆ ಈ ಸಲಿಗೆ ಬರುವುದಿಲ್ಲ.

ಹಾಗಂತ ಹಾಡನ್ನು ಹೊಗಳಿ ಅಟ್ಟಕ್ಕೇರಿಸಿದರೂ ತಪ್ಪೇ. ಗಿರಣಿ ಬಂತು, ಬೀಸುಕಲ್ಲು ಮೂಲೆ ಸೇರಿತು. ಹೆಂಗಸಿನ ರಟ್ಟೆಗೆ ಸಿಕ್ಕ ಆ ಬಿಡುಗಡೆಯನ್ನು ಮರೆತು ಹಾಡು ಹೋಯಿತೆಂದು ಅಳುವುದು ಉಂಡಾಡಿಗಳ ದುಃಖ. ಹಾಡು ಬೇರೆ ದಾರಿ ಹಿಡಿದಿದೆ. ಕಡುಬಾಯಿ ಖರಾತ್ ಏಕತಾರಿ ಮೀಟಿ ಹಾಡಿದ ಭೀಮಗೀತೆಗಳು ಇವತ್ತು ಕೂಲಿಕಾರರ ಮೊಬೈಲುಗಳಲ್ಲಿವೆ. ಅಲ್ಲಿ ಕಂಬವೂ ಇಲ್ಲ, ವೇದಿಕೆಯೂ ಇಲ್ಲ; ನೆನಪು ಮಾತ್ರ ಗಟ್ಟಿಯಾಗಿದೆ.

ನಾವು ಮಾಡುವುದೇನು? ಹೆಂಗಸರಿಂದ ಹಾಡಿಸುತ್ತೇವೆ, ಆಮೇಲೆ ಗಂಡಸರು ವಿಚಾರ ಮಂಡಿಸುತ್ತಾರೆ. ಹಾಡೇ ಒಂದು ವಿಚಾರ ಎಂದು ನಮ್ಮ ವಿಮರ್ಶೆ ಇನ್ನೂ ಒಪ್ಪಿಲ್ಲ. ಅವತ್ತಿನ ಸಭೆಯಲ್ಲಿ ಆ ಮುದುಕಿಯ ಪದಕ್ಕೆ ಸಿಕ್ಕಿದ್ದು ಐದು ನಿಮಿಷ, ಕಾರ್ಯಕ್ರಮ ಪಟ್ಟಿಯಲ್ಲಿ ಅದರ ಹೆಸರು 'ಪ್ರಾರ್ಥನೆ'. ಪಟ್ಟಿ ಬರೆದವಳು ನಾನೇ.