ದೇಶಕ್ಕೆ ತಕ್ಕ ವೇಷ

ದೇಶಕ್ಕೆ ತಕ್ಕ ವೇಷ, ಕಾಲಕ್ಕೆ ತಕ್ಕ ಕೋಲ ಎಂಬ ಗಾದೆಯನ್ನು ನಾವು ಬಹು ಸಲೀಸಾಗಿ ಆಡಿಬಿಡುತ್ತೇವೆ. ವೇಷ ಎಂಬ ಮಾತಿನಲ್ಲಿಯೇ ಒಂದು ಸಮಾಧಾನವಿದೆ. ಕಟ್ಟಿಕೊಂಡದ್ದನ್ನು ಆಟ ಮುಗಿದ ಮೇಲೆ ಬಿಚ್ಚಿಡಬಹುದು, ಒಳಗಿನ ಮನುಷ್ಯ ಇದ್ದ ಹಾಗೆಯೇ ಇರುತ್ತಾನೆ ಎಂಬ ಭರವಸೆ ಅದು. ಆದರೆ ತನ್ನ ಸಂಬಳಕ್ಕಾಗಿಯೋ ಗಂಡನ ಸಂಬಳದ ಹಿಂದೆಯೋ ಅರಬ್ಬರ ನಾಡಿಗೆ ಹೋಗಿಳಿದ ಪರದೇಶದ ಹೆಂಗಸಿಗೆ, ಮೈಯೆಲ್ಲ ಮುಚ್ಚುವ ಕರಿಯ ನಿಲುವಂಗಿಯಿಲ್ಲದೆ ಬೀದಿಗಿಳಿಯಬೇಡ ಎಂದು ಹೇಳಿದಾಗ ಅದು ವೇಷವಾಗಿಯೇ ಉಳಿಯುತ್ತದೆಯೆ? ಈ ಪ್ರಶ್ನೆಯ ಸುತ್ತ ಇಂಗ್ಲಿಷಿನಲ್ಲಿ ಒಂದು ದೊಡ್ಡ ಸಾಹಿತ್ಯರಾಶಿಯೇ ಬೆಳೆದಿದೆ. ಅದರಲ್ಲಿ ಬಹುಪಾಲು ಗೊಣಗಾಟ. ಸೆಖೆ, ಕರಿಬಟ್ಟೆ, ಕಾಲಿಗೆ ತೊಡರುವ ಅಂಚು, ಅಂಗಡಿಯ ಬಾಗಿಲಲ್ಲಿ ಗದರಿಸಿದ ಧರ್ಮರಕ್ಷಕ ಪೋಲೀಸಿನವ; ಇಷ್ಟನ್ನೇ ಮುನ್ನೂರು ಪುಟ ಹಿಗ್ಗಿಸಿದ ಪುಸ್ತಕಗಳು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ನಡುವೆ ನಿಜವಾಗಿ ಓದಬೇಕಾದವು ಕೆಲವೇ. ಅಂಥ ಮೂರನ್ನು ಇಲ್ಲಿ ನೋಡಬಹುದು.

ಅದಕ್ಕೆ ಮೊದಲು ಗಂಡಸರ ಮಾತೊಂದನ್ನು ಹೇಳಿ ಮುಗಿಸಬೇಕು. ರಿಚರ್ಡ್ ಬರ್ಟನ್ ೧೮೫೩ರಲ್ಲಿ ಪಠಾಣನ ಉಡುಪು ತೊಟ್ಟು ಮಕ್ಕಾ ಯಾತ್ರೆ ಮಾಡಿ ಬಂದ; ಅದರಿಂದ ಅವನಿಗೆ ಕೀರ್ತಿ ಬಂತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಲಾರೆನ್ಸ್ ಅರಬ್ಬರ ನಿಲುವಂಗಿಯಲ್ಲಿ ಒಂಟೆಯೇರಿದ. ೧೯೧೭ರಲ್ಲಿ ತನ್ನ ಜೊತೆಯ ಅಧಿಕಾರಿಗಳಿಗಾಗಿ ಬರೆದ ಸೂಚನೆಗಳಲ್ಲಿ, ಆ ಉಡುಪನ್ನು ಹಾಕುವುದಾದರೆ ಅತ್ಯುತ್ತಮವಾದದ್ದನ್ನೇ, ಪೂರ್ತಿಯಾಗಿಯೇ ಹಾಕಬೇಕೆಂದು ಬುದ್ಧಿ ಹೇಳಿದ. ಇಬ್ಬರಿಗೂ ಪರರ ಬಟ್ಟೆಯೆಂಬುದು ಒಂದು ಬೀಗದ ಕೈ. ಬೇಕಾದಾಗ ತೊಟ್ಟರು, ಬೇಡವಾದಾಗ ಬಿಟ್ಟರು. ಅವಮಾನವಾಯಿತೆಂದು ಇಬ್ಬರೂ ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವ ಕಾರಣವೂ ಇರಲಿಲ್ಲ. ಗಾದೆಯ ವೇಷ ಗಂಡಸಿನದು ಎಂದೇ ತೋರುತ್ತದೆ.

ಹೆಂಗಸರ ಪೈಕಿ ಈ ಬೀಗದ ಕೈಯನ್ನು ಹಾಗೆಯೇ ಬಳಸಿಕೊಂಡವಳು ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು. ಆಕೆಯ ಗಂಡ ತುರ್ಕಿಯ ಸುಲ್ತಾನನ ಬಳಿಗೆ ಇಂಗ್ಲೆಂಡಿನ ರಾಯಭಾರಿಯಾಗಿ ನೇಮಕಗೊಂಡಾಗ ಜೊತೆಗೆ ಹೊರಟ ಈಕೆ ೧೭೧೭ರ ವಸಂತದಲ್ಲಿ ಅಡ್ರಿಯಾನೋಪಲ್ ತಲುಪಿದಳು. ಅಲ್ಲಿಂದ, ಮುಂದೆ ಕಾನ್‌ಸ್ಟಾಂಟಿನೋಪಲಿನಿಂದ, ಬರೆದ ಕಾಗದಗಳು ಆಕೆ ಸತ್ತ ಮರುವರ್ಷ, ೧೭೬೩ರಲ್ಲಿ, ಅಚ್ಚಾದುವು. ಸಿಡುಬಿಗೆ ತುರ್ಕಿಯ ಮುದುಕಿಯರು ಹಾಕುತ್ತಿದ್ದ ಚುಚ್ಚನ್ನು ಕಂಡು, ತನ್ನ ಮಗನಿಗೆ ಅಲ್ಲಿಯೇ ಹಾಕಿಸಿ, ಆ ವಿದ್ಯೆಯನ್ನು ಇಂಗ್ಲೆಂಡಿಗೆ ಒಯ್ದವಳೆಂದು ಈಕೆಯ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಇಲ್ಲಿ ನಮಗೆ ಬೇಕಾದುದು ಬಟ್ಟೆಯ ಸಂಗತಿ. ತುರ್ಕಿಯ ಹೆಂಗಸರು ಹೊರಗೆ ಹೊರಡುವಾಗ ಮುಖಕ್ಕೆ ಎರಡು ತೆಳುಬಟ್ಟೆ, ಮೈಗೆ ದೊಗಳೆ ನಿಲುವಂಗಿ ತೊಡುತ್ತಿದ್ದರು. ಈಕೆಯೂ ಅದನ್ನೇ ತೊಟ್ಟು ಊರೆಲ್ಲ ಅಲೆದಳು. ಅಲೆದು, ಈ ಮುಸುಕೇ ಅಲ್ಲಿಯ ಹೆಂಗಸಿನ ಸ್ವಾತಂತ್ರ್ಯ ಎಂದು ತಂಗಿಗೆ ಬರೆದಳು! ಮುಸುಕಿನೊಳಗೆ ಒಡತಿಯಾರು, ದಾಸಿಯಾರು ಎಂದು ತಿಳಿಯುವುದಿಲ್ಲ. ಎಷ್ಟೇ ಸಂಶಯದ ಗಂಡನಾದರೂ ಎದುರಿಗೆ ಬಂದ ತನ್ನ ಹೆಂಡತಿಯನ್ನು ಗುರುತಿಸಲಾರ. ಬೀದಿಯಲ್ಲಿ ಹೆಂಗಸನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಇದು ಆಕೆಯ ವಾದ.

ವಾದ ಚುರುಕಾಗಿದೆ, ಆದರೆ ಪೂರ್ತಿ ನಿಜವಲ್ಲ. ಲೇಡಿ ಮೇರಿ ಹೋಗಿ ಕೂತದ್ದು ದೊಡ್ಡ ಅಧಿಕಾರಿಗಳ ಅಂತಃಪುರಗಳಲ್ಲಿ. ಅಲ್ಲಿಯ ದಾಸಿಯರ ಬಾಳು ಅಷ್ಟೇನೂ ಕಷ್ಟದ್ದಲ್ಲ ಎಂದು ಬರೆಯಲು ಆಕೆಗೆ ಕೈ ನಡುಗಲಿಲ್ಲ. ಮೇಲಾಗಿ ಮುಸುಕು ಆಕೆಗೆ ಕಡ್ಡಾಯವಾಗಿರಲಿಲ್ಲ, ಕುತೂಹಲವಾಗಿತ್ತು. ಹಾಗಿದ್ದರೂ ಆಕೆಯ ಒಂದು ಕಾಗದ ಈ ವಿಷಯದಲ್ಲಿ ಬರೆದ ಎಲ್ಲರ ಬರೆಹವನ್ನೂ ಮೀರಿಸುತ್ತದೆ. ಸೋಫಿಯಾ ನಗರದ ಸ್ನಾನಗೃಹಕ್ಕೆ ಆಕೆ ಕುದುರೆಸವಾರಿಯ ಉಡುಪಿನಲ್ಲಿಯೇ ಹೋದಳು. ಒಳಗೆ ಬಿಸಿನೀರಿನ ಹಬೆಯಲ್ಲಿ ಇನ್ನೂರರಷ್ಟು ಹೆಂಗಸರು ಬಟ್ಟೆಯ ಹಂಗಿಲ್ಲದೆ ಕೂತು ಮಾತಾಡುತ್ತಿದ್ದರು. ಯಾರೂ ಈಕೆಯನ್ನು ನೋಡಿ ನಗಲಿಲ್ಲ. ನೀನೂ ಬಟ್ಟೆ ತೆಗೆದು ಬಾ ಎಂದು ಕರೆದರು. ಬಹಳ ಬಲವಂತವಾದ ಮೇಲೆ ಈಕೆ ಮೇಲಂಗಿಯನ್ನು ಸ್ವಲ್ಪ ಸರಿಸಿ, ಸೊಂಟವನ್ನು ಬಿಗಿದಿದ್ದ ಎಲುಬು ಕಡ್ಡಿಗಳ ಕಂಚುಕವನ್ನು ತೋರಿಸಿದಳು. ಅವರಿಗೆಲ್ಲ ಸಮಾಧಾನವಾಯಿತು. ಪಾಪ, ಗಂಡ ಈಕೆಯನ್ನು ಈ ಯಂತ್ರದೊಳಗೆ ಹಾಕಿ ಬೀಗ ಹಾಕಿದ್ದಾನೆ, ತೆಗೆಯುವುದು ಈಕೆಯ ಕೈಯಲ್ಲಿಲ್ಲ ಎಂದು ಅವರು ತಿಳಿದರು.

ಮುಸುಕಿನವರನ್ನು ಕನಿಕರಿಸಲು ಹೋದ ಯೂರೋಪಿನ ಹೆಂಗಸು ಅವರ ಕನಿಕರಕ್ಕೇ ಪಾತ್ರಳಾದಳು. ಲೇಡಿ ಮೇರಿ ಇದಕ್ಕೆ ಒಂದು ವಾಕ್ಯದ ವ್ಯಾಖ್ಯಾನವನ್ನೂ ಸೇರಿಸದೆ ಮುಂದೆ ಹೋಗುತ್ತಾಳೆ. ಅದೇ ಒಳ್ಳೆಯ ಲೇಖಕಿಯ ಗುಣ.

ಎರಡನೆಯ ಪುಸ್ತಕ ಕಾದಂಬರಿ. ಹಿಲರಿ ಮ್ಯಾಂಟೆಲ್ ಎಂದರೆ ಎಂಟನೆಯ ಹೆನ್ರಿಯ ಆಸ್ಥಾನದ ಕಾದಂಬರಿಗಳೇ ಈಗ ಎಲ್ಲರಿಗೂ ನೆನಪಾಗುತ್ತವೆ. ಆದರೆ ಆಕೆ ಭೂಗರ್ಭಶಾಸ್ತ್ರಜ್ಞನಾದ ಗಂಡನೊಡನೆ ಎಂಬತ್ತರ ದಶಕದಲ್ಲಿ ಕೆಲವು ವರ್ಷ ಸೌದಿ ಅರೇಬಿಯದ ಜಿದ್ದಾ ನಗರದಲ್ಲಿದ್ದರು. ಆ ಅನುಭವದ ಮೇಲೆ ಬರೆದ ಒಂದು ಪ್ರಬಂಧಕ್ಕೆ ೧೯೮೭ರಲ್ಲಿ ಶಿವ ನೈಪಾಲ್ ಸ್ಮಾರಕ ಬಹುಮಾನ ಬಂತು; ೧೯೮೮ರಲ್ಲಿ ‘ಎಯ್ಟ್ ಮಂತ್ಸ್ ಆನ್ ಘಜ್ಜಾ ಸ್ಟ್ರೀಟ್’ ಎಂಬ ಕಾದಂಬರಿ ಹೊರಬಂತು. ಫ್ರಾನ್ಸಿಸ್ ಶೋರ್ ಎಂಬ ಇಂಗ್ಲಿಷ್ ಹೆಂಗಸು ಇಂಜಿನಿಯರ್ ಗಂಡನ ಹಿಂದೆ ಜಿದ್ದಾಕ್ಕೆ ಬಂದು, ಘಜ್ಜಾ ಬೀದಿಯ ಒಂದು ಮನೆಯಲ್ಲಿ ಎಂಟು ತಿಂಗಳು ಕಳೆಯುತ್ತಾಳೆ. ಕಥೆಯೆಂದರೆ ಅಷ್ಟೆ. ಮೇಲಿನ ಅಂತಸ್ತಿನ ಮನೆ ಖಾಲಿಯಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿಂದ ಸದ್ದು ಕೇಳುತ್ತದೆ.

ಫ್ರಾನ್ಸಿಸಳ ಉದ್ಯೋಗವನ್ನು ಮ್ಯಾಂಟೆಲ್ ಬಹಳ ಯೋಚಿಸಿ ಆರಿಸಿದ್ದಾರೆ. ಆಕೆ ನಕಾಶೆ ಬರೆಯುವವಳು. ಎಣ್ಣೆಯ ಹಣದಲ್ಲಿ ದಿನಕ್ಕೊಂದು ಕಡೆ ಕೆಡವಿ ಇನ್ನೊಂದು ಕಡೆ ಕಟ್ಟುತ್ತಿರುವ ಊರಿನಲ್ಲಿ ನಕಾಶೆ ನಿಲ್ಲುವುದಿಲ್ಲ. ಅಲ್ಲಿ ಈ ಹೆಂಗಸಿಗೆ ಕೆಲಸವೂ ಇಲ್ಲ. ಊರನ್ನು ಕಾಲಿನಿಂದ ಅಳೆಯೋಣವೆಂದು ಒಬ್ಬಳೇ ಹೊರಟರೆ ಕಾರುಗಳು ಪಕ್ಕದಲ್ಲಿ ನಿಧಾನವಾಗಿ ಉರುಳುತ್ತವೆ, ಗಂಡಸರು ಕೂಗುತ್ತಾರೆ. ಉದ್ದ ತೋಳಿನ, ಪಾದ ಮುಟ್ಟುವ ಸಡಿಲ ಉಡುಪು ತೊಟ್ಟಿದ್ದರೂ ಅಷ್ಟೆ. ಇಲ್ಲಿ ಲೇಡಿ ಮೇರಿಯ ವಾದಕ್ಕೆ ಉತ್ತರ ಸಿಕ್ಕುತ್ತದೆ. ಬಟ್ಟೆ ಹೆಂಗಸನ್ನು ಕಾಪಾಡುವುದು ಬೀದಿ ಅವಳದೂ ಹೌದು ಎಂದು ಊರು ಒಪ್ಪಿಕೊಂಡಾಗ ಮಾತ್ರ. ಒಪ್ಪಿಕೊಳ್ಳದ ಕಡೆ ಎಷ್ಟು ಗಜ ಬಟ್ಟೆ ಸುತ್ತಿದರೂ ಸಾಲದು.

ಈ ಕಾದಂಬರಿಯನ್ನು ಇಸ್ಲಾಮಿನ ಮೇಲಿನ ದೂರೆಂದು ಓದುವವರಿದ್ದಾರೆ. ನೆರೆಮನೆಯ ಪಾಕಿಸ್ತಾನದ ಯಾಸ್ಮಿನ್, ಮೇಲಿನ ಸೌದಿ ಹೆಂಗಸು ಸಮೀರಾ ಇವರಿಬ್ಬರೂ ತಮ್ಮ ಮುಸುಕನ್ನು ಸಮರ್ಥಿಸಿಕೊಂಡು ಮಾತಾಡುವ ಸಂದರ್ಭಗಳಲ್ಲಿ ಕಾದಂಬರಿಕಾರ್ತಿ ಅವರಿಗೆ ಪೂರ್ತಿ ಬಾಯಿ ಕೊಟ್ಟಿದ್ದಾರೆಯೆ ಎಂಬ ಅನುಮಾನ ನಮಗೂ ಬರುತ್ತದೆ. ಅವರ ಮಾತುಗಳನ್ನು ಫ್ರಾನ್ಸಿಸ್ ಉತ್ತರ ಕೊಡುವುದಕ್ಕಾಗಿ ಕೇಳುತ್ತಾಳೆ, ತಿಳಿಯುವುದಕ್ಕಾಗಿ ಅಲ್ಲ. ಚಹಾದ ಬಟ್ಟಲುಗಳ ನಡುವೆ ಗೋಡೆಯೊಂದು ಎದ್ದುಬಿಡುತ್ತದೆ, ಕೊನೆಯವರೆಗೂ ಬೀಳುವುದಿಲ್ಲ. ಇದು ದೋಷವೆಂದೇ ಹೇಳಬೇಕು. ಆದರೆ ಮ್ಯಾಂಟೆಲ್ ತನ್ನ ಜನರಿಗೂ ರಿಯಾಯಿತಿ ತೋರಿಸಿಲ್ಲ. ಮನೆಯಲ್ಲಿ ಕಳ್ಳಭಟ್ಟಿ ಇಳಿಸುತ್ತ, ಬ್ಯಾಂಕಿನಲ್ಲಿ ಬೆಳೆಯುತ್ತಿರುವ ಹಣವನ್ನು ಎಣಿಸುತ್ತ, ಅನ್ನ ಹಾಕುವ ದೇಶವನ್ನು ಹಳಿಯುತ್ತ, ಆ ದೇಶದಲ್ಲಿ ಏನಾಗುತ್ತಿದೆ ಎಂದು ಕೇಳಲು ಮಾತ್ರ ಹೆದರುತ್ತ ಬದುಕುವ ಬಿಳಿಯರ ಚಿತ್ರ ಈ ಪುಸ್ತಕದಲ್ಲಿರುವಷ್ಟು ನಿರ್ದಾಕ್ಷಿಣ್ಯವಾಗಿ ಬೇರೆಡೆ ಸಿಗುವುದು ಕಷ್ಟ. ಮೇಲಿನ ಮನೆಯ ಸದ್ದನ್ನು ಕೇಳಬೇಡ ಎಂದು ಫ್ರಾನ್ಸಿಸಳಿಗೆ ಹೇಳುವವರು ಸೌದಿಗಳಿಗಿಂತ ಹೆಚ್ಚಾಗಿ ಅವಳ ಸ್ವಂತ ಜನರೇ. ಮೈಮೇಲಿನ ಬಟ್ಟೆಯ ವಿಷಯದಲ್ಲೂ ಅಷ್ಟೆ. ಆತಿಥೇಯ ದೇಶ ಕೇಳುವುದಕ್ಕಿಂತ ನಾಲ್ಕು ಅಂಗುಲ ಉದ್ದವಾಗಿಯೇ ಹೊಲಿಸಿಕೊಡುವ ದರ್ಜಿ ಮನೆಯಲ್ಲೇ ಇರುತ್ತಾನೆ. ಗುತ್ತಿಗೆ ಕೈತಪ್ಪೀತೆಂಬ ಭಯ ಅವನ ಅಳತೆಯ ಪಟ್ಟಿ.

ಇದು ಕಾದಂಬರಿಯ ಕಲ್ಪನೆ ಮಾತ್ರ ಎನ್ನುವವರು ಅಮೆರಿಕದ ಒಂದು ಮೊಕದ್ದಮೆಯನ್ನು ನೋಡಬೇಕು. ಸೌದಿ ಅರೇಬಿಯದಲ್ಲಿದ್ದ ಅಮೆರಿಕದ ಸೈನ್ಯದ ಹೆಂಗಸರು ಶಿಬಿರದಿಂದ ಹೊರಗೆ ಹೋಗುವಾಗ ಅಬಾಯಾ ತೊಡಬೇಕು, ಗಂಡಸಿನ ಜೊತೆಯಲ್ಲಿಯೇ ಹೋಗಬೇಕು, ಕಾರಿನ ಹಿಂದಿನ ಸೀಟಿನಲ್ಲಿಯೇ ಕೂರಬೇಕು ಎಂದು ಅವರ ಸೈನ್ಯವೇ ಆಜ್ಞೆ ಮಾಡಿತ್ತು. ಗಂಡಸರು ಅರಬ್ಬರ ನಿಲುವಂಗಿ ತೊಡುವುದನ್ನು ಅದೇ ಸೈನ್ಯ ನಿಷೇಧಿಸಿತ್ತು. ಅದೇ ಊರಿನಲ್ಲಿ ಅಮೆರಿಕದ ರಾಯಭಾರ ಕಚೇರಿಯ ಹೆಂಗಸರಿಗೆ ಸರಕಾರಿ ಕೆಲಸದ ಮೇಲೆ ಹೋಗುವಾಗ ಈ ಕಟ್ಟು ಇರಲಿಲ್ಲ! ಯುದ್ಧವಿಮಾನ ಹಾರಿಸುತ್ತಿದ್ದ ಮಾರ್ಥಾ ಮ್ಯಾಕ್‌ಸ್ಯಾಲಿ ಎಂಬ ಅಧಿಕಾರಿಣಿ ೨೦೦೧ರ ಡಿಸೆಂಬರಿನಲ್ಲಿ ತನ್ನ ರಕ್ಷಣಾಮಂತ್ರಿಯ ಮೇಲೆಯೇ ದಾವೆ ಹೂಡಿದರು. ಮರುತಿಂಗಳು ಕಡ್ಡಾಯ ಹೋಗಿ ಅದು ‘ಬಲವಾದ ಶಿಫಾರಸು’ ಆಯಿತು. ೨೦೦೨ರಲ್ಲಿ ಅಮೆರಿಕದ ಸಂಸತ್ತು ಅಂಥ ಆಜ್ಞೆಯನ್ನೇ ಕಾನೂನಿನಿಂದ ತಡೆಯಿತು. ಅತ್ತ ದಹ್ರಾನಿನ ಅರಾಮ್ಕೋ ಎಣ್ಣೆ ಕಂಪನಿಯ ಬೇಲಿಯೊಳಗೆ, ದೇಶದಲ್ಲಿ ಹೆಂಗಸರು ಕಾರು ನಡೆಸಕೂಡದೆಂದಿದ್ದ ಕಾಲದಲ್ಲಿಯೂ, ಹೆಂಗಸರು ತಮಗೆ ಬೇಕಾದ ಉಡುಪಿನಲ್ಲಿ ಕಾರು ನಡೆಸುತ್ತಿದ್ದರು. ಬೇಲಿಯ ಒಳಗೊಂದು ಧರ್ಮ, ಹೊರಗೊಂದು. ನಿಯಮಕ್ಕೆ ಧರ್ಮಗ್ರಂಥದ ಹೆಸರು ಹೇಳುತ್ತಾರೆ. ಅದರ ಗಡಿಯನ್ನು ಅನೇಕ ವೇಳೆ ಕರಾರುಪತ್ರ ನಿಶ್ಚಯಿಸುತ್ತದೆ.

ಮೂರನೆಯದು ಕಂತಾ ಅಹ್ಮದರ ‘ಇನ್ ದಿ ಲ್ಯಾಂಡ್ ಆಫ್ ಇನ್‌ವಿಸಿಬಲ್ ವಿಮೆನ್’, ೨೦೦೮ರಲ್ಲಿ ಪ್ರಕಟವಾದ ಆತ್ಮವೃತ್ತಾಂತ. ಲೇಖಕಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮುಸಲ್ಮಾನರು, ಪಾಕಿಸ್ತಾನ ಮೂಲದ ಮನೆತನ, ಅಮೆರಿಕದಲ್ಲಿ ತರಬೇತಾದ ವೈದ್ಯೆ. ಅಲ್ಲಿ ನೆಲಸಲು ಪರವಾನಗಿ ಸಿಗದೆ ರಿಯಾದಿನ ಆಸ್ಪತ್ರೆಯೊಂದಕ್ಕೆ ಬಂದರು. ಸಾಹಿತ್ಯದ ದೃಷ್ಟಿಯಿಂದ ಈ ಪುಸ್ತಕ ಉಳಿದೆರಡಕ್ಕೆ ಸಮವಲ್ಲ. ಗುಣವಾಚಕಗಳ ಅತಿವೃಷ್ಟಿ, ಹೇಳಿದ್ದನ್ನೇ ಮೂರು ಸಲ ಹೇಳುವ ಚಪಲ. ಆದರೂ ಬಿಡುವಂತಿಲ್ಲ, ಏಕೆಂದರೆ ಈಕೆ ನಿಂತ ಜಾಗದಲ್ಲಿ ಮ್ಯಾಂಟೆಲ್ ನಿಲ್ಲಲಾರರು. ಅಬಾಯಾ ಈಕೆಗೆ ಪರಧರ್ಮದ ಬಟ್ಟೆಯಲ್ಲ, ಆದರೂ ಪರದೇಶದ ಬಟ್ಟೆ. ತನ್ನ ತಾಯಿತಂದೆಯರಿಂದ ಕಲಿತ ಇಸ್ಲಾಮಿನಲ್ಲಿ ಇದಿರಲಿಲ್ಲವಲ್ಲ ಎಂಬ ಬೆರಗು ಪುಟಪುಟದಲ್ಲಿದೆ.

ಪುಸ್ತಕ ತೆರೆಯುವುದೇ ತೀವ್ರ ಚಿಕಿತ್ಸೆಯ ಕೋಣೆಯಲ್ಲಿ. ಪ್ರಜ್ಞೆಯಿಲ್ಲದೆ ಮಲಗಿರುವ ಬೆಡೂಯಿನ್ ಮುದುಕಿ. ಉಸಿರಾಟದ ಯಂತ್ರದ ಕೊಳವೆಗಳು ಆಕೆಯ ಮುಖದ ಕರಿಯ ಪರದೆಯ ಕೆಳಗಿನಿಂದ ಹೊರಬಂದಿವೆ. ಹಾಸಿಗೆಯ ಬಳಿ ಕಾವಲು ನಿಂತ ಮಗನಿಗೆ ತಾಯಿಯ ಪರದೆ ಸರಿಯಬಾರದು. ವೈದ್ಯೆ ಪರೀಕ್ಷೆಗೆ ಮೈಯನ್ನೆಲ್ಲ ನೋಡಬಹುದು, ಮುಖ ಮಾತ್ರ ಮುಚ್ಚಿರಬೇಕು. ಈ ಒಂದು ಚಿತ್ರಕ್ಕೆ ಪ್ರತಿಯಾಗಿ ಪುಸ್ತಕದ ನಡುವೆ ಹಜ್ ಯಾತ್ರೆಯ ಅಧ್ಯಾಯಗಳು ಬರುತ್ತವೆ. ಇಹ್ರಾಮಿನಲ್ಲಿರುವ ಹೆಂಗಸು ಮುಖಕ್ಕೆ ಪರದೆ ಕಟ್ಟಕೂಡದೆಂಬುದು ಯಾತ್ರೆಯ ನಿಯಮ. ಲಕ್ಷಗಟ್ಟಲೆ ಗಂಡಸರ ನಡುವೆ, ಆ ಧರ್ಮದ ಅತ್ಯಂತ ಪವಿತ್ರವಾದ ನೆಲದಲ್ಲಿ, ಹೆಂಗಸಿನ ಮುಖ ತೆರೆದಿರಬೇಕು. ರಿಯಾದಿನ ಆಸ್ಪತ್ರೆಯಲ್ಲಿ ಸಾವಿನ ಹಾಸಿಗೆಯ ಮೇಲೆ ಮುಚ್ಚಿರಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಿದ್ದಿದ್ದರೆ ಪುಸ್ತಕ ಎಷ್ಟೋ ಎತ್ತರಕ್ಕೆ ಹೋಗುತ್ತಿತ್ತು. ಲೇಖಕಿಗೆ ಸುಮ್ಮನಿರುವುದು ಬಾರದು.

ಮೂರೂ ಪುಸ್ತಕಗಳನ್ನು ಈಗ ಓದುವವರು ಕಾಲದ ಬದಲಾವಣೆಯನ್ನೂ ನೆನಪಿನಲ್ಲಿಡಬೇಕು. ಸೌದಿಯ ಧರ್ಮರಕ್ಷಕ ಪೋಲೀಸರ ಬಂಧಿಸುವ ಅಧಿಕಾರ ೨೦೧೬ರಲ್ಲಿ ಹೋಯಿತು. ಅಬಾಯಾವೇ ಆಗಬೇಕೆಂದು ಧರ್ಮ ಹೇಳುವುದಿಲ್ಲ ಎಂದು ಅಲ್ಲಿಯ ಯುವರಾಜ ೨೦೧೮ರಲ್ಲಿ ಸಂದರ್ಶನದಲ್ಲಿ ನುಡಿದ. ೨೦೧೯ರಲ್ಲಿ ಪ್ರವಾಸಿಗಳಿಗೆ ಬಾಗಿಲು ತೆರೆದಾಗ ಪರದೇಶದ ಹೆಂಗಸರಿಗೆ ಭುಜ, ಮೊಣಕಾಲು ಮುಚ್ಚಿದರೆ ಸಾಕು ಎಂದಾಯಿತು. ಆಫ್ಘಾನಿಸ್ತಾನ ತಿರುಗಿದ್ದು ಬೇರೆ ದಿಕ್ಕಿಗೆ. ೨೦೨೨ರ ಆಜ್ಞೆ ಹೆಂಗಸರ ಮುಖವನ್ನೂ ಮುಚ್ಚಿಸಿತು. ಇರಾನಿನ ಕಥೆ ಇನ್ನೂ ತೊಡಕಿನದು. ೧೯೩೬ರಲ್ಲಿ ರೆಜಾ ಷಾ ಪೋಲೀಸರಿಂದ ಮುಸುಕು ತೆಗೆಸಿದ. ೧೯೭೯ರ ಕ್ರಾಂತಿಯ ನಂತರ ಬಂದವರು ಪೋಲೀಸರಿಂದಲೇ ಹಾಕಿಸಿದರು. ಆ ವರ್ಷದ ಮಾರ್ಚಿಯಲ್ಲಿ ತೆಹರಾನಿನ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದಾಗ ಜೊತೆಗಿದ್ದ ಅಮೆರಿಕದ ಲೇಖಕಿ ಕೇಟ್ ಮಿಲೆಟ್‌ರನ್ನು ದೇಶದಿಂದ ಹೊರಹಾಕಿದರು. ಅದೇ ವರ್ಷ ಖೊಮೇನಿಯ ಎದುರಿಗೆ ಚಾದರ ಹೊದ್ದು ಕೂತು, ಮಾತು ಬಿಸಿಯಾದಾಗ ಅದನ್ನು ಕಿತ್ತೆಸೆದ ಇಟಲಿಯ ಪತ್ರಿಕೋದ್ಯೋಗಿ ಒರಿಯಾನಾ ಫಲ್ಲಾಚಿಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಮೆರವಣಿಗೆ ಮಾಡಿದ ತೆಹರಾನಿನ ಹೆಂಗಸರ ಹೆಸರು ಯಾರಿಗೆ ಗೊತ್ತು? ಪರದೇಶದವಳಿಗೆ ಮರಳಿ ಹೋಗಲು ವಿಮಾನವಿತ್ತು.

ಈ ಸಾಹಿತ್ಯದ ದೊಡ್ಡ ಕೊರತೆಯೂ ಇಲ್ಲಿಯೇ ಇದೆ. ಇದನ್ನು ಬರೆದವರೆಲ್ಲ ರಾಯಭಾರಿಯ ಹೆಂಡತಿ, ಭೂಗರ್ಭಶಾಸ್ತ್ರಜ್ಞನ ಹೆಂಡತಿ, ತಜ್ಞ ವೈದ್ಯೆ. ಕೊಲ್ಲಿಯ ದೇಶಗಳ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಕೇರಳದ, ನಮ್ಮ ದಕ್ಷಿಣ ಕನ್ನಡದ ದಾದಿಯರು, ಸಿಂಹಳದಿಂದ, ಫಿಲಿಪ್ಪೀನಿನಿಂದ ಮನೆಗೆಲಸಕ್ಕೆ ಹೋದವರು ಅಲ್ಲಿ ಏನು ಉಟ್ಟರು, ಯಾರು ಉಡಿಸಿದರು, ಉಟ್ಟು ಏನನ್ನಿಸಿತು? ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬ ಮಾತು ನೀರು ಹೊರಲೆಂದೇ ಊರಿಗೆ ಬಂದವಳಿಗೆ ಬೇರೆಯೇ ಅರ್ಥ ಕೊಡುತ್ತದೆ. ಕರಾವಳಿಯ ಎಷ್ಟೋ ಮನೆಗಳ ಪೆಟ್ಟಿಗೆಗಳ ತಳದಲ್ಲಿ, ಊರಿಗೆ ಬಂದಾಗ ಯಾರೂ ತೊಡದ ಒಂದು ಕರಿಯ ಅಬಾಯಾ ಮಡಿಸಿಟ್ಟಿದ್ದೀತು. ಅದರ ವೃತ್ತಾಂತವನ್ನು ಬರೆಯಲು ಇಂಗ್ಲಿಷು ಬೇಕಾಗಿಲ್ಲ.

ಅಲ್ಲಿಯವರೆಗೆ ಇದ್ದುದನ್ನು ಓದುವವರು ಲೇಡಿ ಮೇರಿಯ ಸ್ನಾನಗೃಹದ ಕಾಗದದಿಂದ ಪ್ರಾರಂಭಿಸಬಹುದು. ಮ್ಯಾಂಟೆಲರ ಕಾದಂಬರಿಯನ್ನು ಅದರ ನಂತರ ಹಿಡಿಯುವುದು ಒಳ್ಳೆಯದು. ರಾತ್ರಿ ಒಬ್ಬರೇ ಇರುವಾಗ ಬೇಡ.